ಕೊಕ್ಕರ್ಣೆಯ ನಲವತ್ತೆರಡು ತೆನೆಗಳು

ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಬಾಳೆಎಲೆ ಸುತ್ತಿದ ತೆನೆಯ ಕಟ್ಟು ಇಟ್ಟುಕೊಂಡು ಹೋಗುವಾಗ ಒಂದು ವಾಸನೆ ಬರುತ್ತದೆ. ಹಸಿ ಹುಲ್ಲಿನದಲ್ಲ, ಒಣ ಭತ್ತದ್ದೂ ಅಲ್ಲ. ಕಾಳಿನೊಳಗಿನ ಹಾಲು ಇನ್ನೂ ಗಟ್ಟಿಯಾಗುತ್ತಿರುವ ಹೊತ್ತಿನ ವಾಸನೆ. ಹತ್ತು ದಿನ ಕಳೆದರೆ ಅದು ಇರುವುದಿಲ್ಲ. ಈ ವರ್ಷ ಕ್ರೈಸ್ತರ ಮೊಂತಿ ಹಬ್ಬದ ಬೆಳಿಗ್ಗೆ ಬಸರೂರು ಕಡೆಯಿಂದ ಹೊಳೆಬದಿಯ ಇಗರ್ಜಿಗೆ ಬರುವಾಗ ಅದು ಮೂಗಿಗೆ ಬಡಿಯಿತು. ಸ್ಕೂಟರ್ ನಿಲ್ಲಿಸಿ ಇಳಿದೆ. ಕಟ್ಟು ಬಿಚ್ಚಿ ತೆನೆ ಎಣಿಸಿದೆ. ಮನೆಯಲ್ಲಿ ಆಗಲೇ ಎರಡು ಸಲ ಎಣಿಸಿದ್ದೆ. ಎಣಿಸುವುದಕ್ಕೆ ಇಳಿದದ್ದಲ್ಲ ಎಂಬುದು ನನಗೂ ಗೊತ್ತು. ನಾಲ್ಕು ವರ್ಷದ ಹಿಂದಿನ ಮಳೆಗಾಲ ಎದುರು ಬಂದು ನಿಂತಿತ್ತು, ಅದಕ್ಕೆ ದಾರಿ ಬಿಡಲು ಇಳಿದೆ.

ನಾನು ಹುಟ್ಟು ಚಿಂತೆಗಾರ. ಏಪ್ರಿಲ್ಲಿನಲ್ಲೂ ಕೊಡೆ ಹಿಡಿದು ಹೊರಡುವವನು. ಮುಂಬೈಯಲ್ಲಿ ಇಪ್ಪತ್ತಾರು ವರ್ಷ ಕ್ಯಾಂಟೀನ್ ನಡೆಸಿ, ಬೆನ್ನುನೋವು ಮತ್ತು ಒಂದಿಷ್ಟು ಅಭಿಪ್ರಾಯಗಳನ್ನು ಸಂಪಾದಿಸಿಕೊಂಡು ಊರಿಗೆ ವಾಪಸಾದೆ. ಅಪ್ಪಯ್ಯ ತೀರಿಕೊಂಡು ಗದ್ದೆ ನನ್ನ ಕೈಗೆ ಬಂದಿತ್ತು. ಗದ್ದೆಯ ಜೊತೆ ಒಂದು ಕೆಲಸವೂ ಬಂತು. ವರ್ಷಕ್ಕೊಮ್ಮೆ ಇಗರ್ಜಿ ಕೇರಿಗೆ, ಎಂದರೆ ಚರ್ಚಿನ ಸುತ್ತಲ ಮನೆಗಳಿಗೆ, ಹೊಸ ತೆನೆ ಕೊಡುವುದು. ಅಜ್ಜನ ಕಾಲದಿಂದಲೂ ಅದು ನಮ್ಮ ಮನೆಯದೇ.

ಇಗರ್ಜಿ ಕೇರಿ ಇರುವುದು ನಮ್ಮ ಗದ್ದೆಯಿಂದ ಎರಡು ಮೈಲಿ ಕೆಳಗೆ, ಹೊಳೆಯ ಬದಿಯಲ್ಲಿ. ಬಸರೂರಿನ ಅಕ್ಕಿಯ ಆಸೆಗೆ ಪೋರ್ಚುಗೀಸರು ಈ ಹೊಳೆಯೊಳಗೆ ಹಡಗು ತಂದರು ಎಂಬುದು ಊರಿಗೆಲ್ಲ ಗೊತ್ತು. ಅವರು ಹೋದರು, ಹೆಸರುಗಳು ಉಳಿದವು. ಕೇರಿಯ ಅರ್ಧ ಮನೆಯವರು, ತಾವು ಪೋರ್ಚುಗೀಸರ ಜೊತೆ ಬಂದವರು ಎನ್ನುತ್ತಾರೆ. ಇನ್ನರ್ಧ ಮನೆಯವರು, ಗೋವೆಯಲ್ಲಿ ಪೋರ್ಚುಗೀಸರ ಕಾಟ ತಡೆಯದೆ ಓಡಿಬಂದವರು ಎನ್ನುತ್ತಾರೆ. ಈ ಎರಡು ಪಕ್ಷಗಳ ನಡುವೆ ಮದುವೆ ನಡೆದು ನಡೆದು ಈಗ ಯಾರು ಬಂದವರು, ಯಾರು ಓಡಿಬಂದವರು ಎಂದು ಅವರಿಗೇ ಹೇಳಲಾಗುವುದಿಲ್ಲ. ಕೇರಿಯ ತುದಿಯ ದೊಡ್ಡ ಮನೆಗೆ ‘ತೋಪಿನ ಮನೆ’ ಎಂದು ಹೆಸರು. ಪೋರ್ಚುಗೀಸರ ಕೋಟೆ ಬಿದ್ದ ಮೇಲೆ ಹಡಗು ಹತ್ತದೆ ಉಳಿದ, ತೋಪು ಹಾರಿಸುತ್ತಿದ್ದ ಒಬ್ಬ ಫಿರಂಗಿಯವನ ಮನೆಯಂತೆ ಅದು. ಹಡಗು ಯಾಕೆ ಹತ್ತಲಿಲ್ಲ ಎಂದು ಕೇಳಿದರೆ ಆ ಮನೆಯ ನತಾಲ್‌ಬಾಯಿ ನಗುತ್ತಿದ್ದರು: “ಊಟ ಆಯ್ತ ಇತ್ತಂಬ್ರ್ ಪುತಾ. ಕುಚ್ಚಲಕ್ಕಿ ಗಂಜಿ. ಉಂಡ್ ಮುಗ್ಸಿ ಹೊರಗ್ ಬಪ್ಪತಿಗೆ ಹಡ್ಗ್ ಹೋಯಿತ್ತ್.”

ಹಬ್ಬದ ಪದ್ಧತಿ ಹೀಗೆ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಕೊನೆಯ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ಮನೆಯ ಹಿರಿಯರು ಒಂದೊಂದು ಹೆಸರು ಹೇಳಿ ಒಂದೊಂದು ತೆನೆಯ ಕಾಳು ಸುಲಿದು, ಕಾಯಿಹಾಲು ಬೆಲ್ಲದಲ್ಲಿ ಬೆರೆಸಿ, ಎಲ್ಲರಿಗೂ ಕೊಡುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ, ಬಾಳೆಎಲೆಯಲ್ಲಿ ಊಟ. ದೂರದಲ್ಲಿರುವವರ ಪಾಲಿನ ಕಾಳು ಕಾಗದದಲ್ಲಿ ಮಡಚಿ ಅಂಚೆಗೆ ಬೀಳುತ್ತದೆ. ನಾವೂ ಅದೇ ಸುಮಾರಿಗೆ ಬಾಗಿಲಿಗೆ ಕದಿರು ಕಟ್ಟಿ ಹೊಸ ಅಕ್ಕಿ ಊಟ ಮಾಡುವವರು. ಹಾಗಾಗಿ ಈ ವ್ಯವಹಾರವನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಮೇ ತಿಂಗಳಲ್ಲಿ ನತಾಲ್‌ಬಾಯಿ ಹೇಳಿಕಳುಹಿಸಿದರು. ಮೊಮ್ಮಗಳು ರೀಮಾ ಬಾಗಿಲು ತೆಗೆದಳು. ಬಾಯಿ ಕಾಲು ನೀಡಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಬಾಯಿ ಹುಟ್ಟಿದ್ದು ಗೋವೆಯಲ್ಲಿ, ಅದು ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಕೇರಿಗೆ ಬಂದವರು. ಆ ಒಂದು ಜನನ ಪತ್ರ ಈಗ ಬೆಳೆದ ಹಲಸಿನ ಮರದಂತೆ ಇಡೀ ಮನೆಗೆ ಹಣ್ಣು ಬಿಟ್ಟಿತ್ತು. ಬಾಯಿಯ ಹೆಸರು ಲಿಸ್ಬನ್ನಿನ ದಫ್ತರಿಗೆ ಸೇರಿ, ಅದರ ಮೂಲಕ ಮಕ್ಕಳು, ಮಕ್ಕಳ ಮೂಲಕ ಮೊಮ್ಮಕ್ಕಳು ಎಲ್ಲರೂ ಕಾಗದದಲ್ಲಿ ಪೋರ್ಚುಗೀಸರಾಗಿದ್ದರು. ಜೊತೆ ಬಂದವರೂ ಓಡಿಬಂದವರೂ ಕೊನೆಗೆ ಒಂದೇ ಸಾಲಿನಲ್ಲಿ ನಿಂತಂತಾಯಿತು ಎಂದು ನಾನು ಹೇಳಿದೆ. ರೀಮಾ ನಕ್ಕಳು. ಬಾಯಿ ನಗಲಿಲ್ಲ.

“ಎಲ್ಲ ಲಿಸ್ಬನ್ನಿಗೆ ಹೋಪುದಂಬ್ರ್ ಶೀನ. ನನ್ನನ್ನೂ ಕರ್ಕಂಡ್ ಹೋತ್ರಂಬ್ರ್. ನಾ ಹೇಳ್ದೆ, ಬತ್ತೆ. ಆದ್ರೆ ಮೊಂತಿ ಹಬ್ಬ ಇಲ್ಲೇ ಆಯ್ಕ್. ಮುಂಬೈಯವ್ರ್, ದುಬೈಯವ್ರ್, ಎಲ್ಲ ಬರ್ಕ್. ಒಂದ್ ಸಲ ಎಲ್ಲ ಒಟ್ಟಿಗೆ ಈ ಮನೆಯಗೆ ಹೊಸ ಕಾಳ್ ತಿಂದ್, ಆಮೇಲೆ ಎಲ್ಲಿಗೆ ಬೇಕಾರೂ ಹೊತ್ಕಂಡ್ ಹೋಯ್ಲಿ.”

“ಎಷ್ಟ್ ಜನ ಆತ್ರ್ ಬಾಯಿ?”

ಅವರು ಬೆರಳು ಮಡಚಲಿಲ್ಲ, ಯೋಚಿಸಲಿಲ್ಲ. “ನಲ್ವತ್ತೊಂದ್. ನಿಮ್ಮ ಗದ್ದೆದೇ ಆಯ್ಕ್ ಮತ್ತೆ. ನಾ ಮದಿಮಗಳಾಯಿ ಬಂದ ವರ್ಷ ನಿನ್ನ ಅಜ್ಜ ತಂದ್ ಕೊಟ್ಟದ್ದ್ ನಂಗೆ ನೆನಪಿತ್ತ್. ಆವತ್ತೇ ನಾ ಈ ಊರಿನವ್ಳ್ ಆದದ್ದ್.”

ನಾನು ಎದೆ ತಟ್ಟಿಕೊಂಡು ಹೇಳಿದೆ, ನಿಮ್ಮ ತೆನೆಗೆ ನಾನು ಜವಾಬ್ದಾರಿ ಎಂದು.

ಅಪ್ಪಯ್ಯ ಆ ಜವಾಬ್ದಾರಿಯನ್ನು ನಿಭಾಯಿಸುತ್ತಿದ್ದ ರೀತಿ ಸರಳವಾಗಿತ್ತು. ಪಂಚಾಂಗದಲ್ಲಿ ಮೊಂತಿ ಹಬ್ಬಕ್ಕೆ ಪೆನ್ಸಿಲ್ಲಿನ ಗೆರೆ ಹಾಕಿ, ಅಲ್ಲಿಂದ ಹಿಂದಕ್ಕೆ ತೊಂಬತ್ತು ದಿನ ಎಣಿಸಿ, ಆ ದಿನ ಬೀಜ ಹಾಕುವುದು. ಬೀಜ ಮನೆಯದೇ, ಕೆಂಪು ಅಕ್ಕಿಯ ನೂರು ದಿನದ ಭತ್ತ, ತೊಂಬತ್ತಕ್ಕೆ ಕಾಳಿನಲ್ಲಿ ಇನ್ನೂ ಹಾಲಿರುತ್ತದೆ. ಇಳುವರಿ ಕಡಿಮೆ, ಗಾಳಿಮಳೆಗೆ ಮಲಗಿಬಿಡುವ ಸ್ವಭಾವ. ನನಗೆ ಅದೇ ಚಿಂತೆಯಾಯಿತು. ಈ ಒಂದು ವರ್ಷ ತೆನೆ ಮಲಗಿ ಕೆಸರಾದರೆ? ಹಾಲಾಡಿಯಲ್ಲಿ ಒಂದು ರೈತರ ಸಭೆಗೆ ಹೋದೆ. ಮಲಗದ ಭತ್ತ, ಗಟ್ಟಿ ದಂಟು, ಎರಡರಷ್ಟು ಫಸಲು ಎಂದು ಕೇಳಿ ಎರಡು ಚೀಲ ಬೀಜ ತಂದೆ. ಮನೆಯ ಬೀಜವನ್ನು ಕುಟ್ಟಿಸಿ ಅಕ್ಕಿ ಮಾಡಿ ಉಂಡದ್ದೂ ಆಯಿತು. ಆಮೇಲೆ ಮಳೆಗಾಲ ಪೂರ್ತಿ ನವಿಲಿನ ಬಗ್ಗೆ ಚಿಂತಿಸಿದೆ, ಹಂದಿಯ ಬಗ್ಗೆ ಚಿಂತಿಸಿದೆ, ಹೊಳೆಯ ಉಪ್ಪುನೀರು ಉಕ್ಕೀತೆಂದು ಚಿಂತಿಸಿದೆ. ಚಿಂತೆಗಾರನ ಗುಣವೇ ಇದು, ಆಗಬಹುದಾದ್ದನ್ನೆಲ್ಲ ಮೊದಲೇ ಯೋಚಿಸಿಟ್ಟಿರುತ್ತಾನೆ, ಆಗುವುದೊಂದನ್ನು ಬಿಟ್ಟು.

ಅಪ್ಪಯ್ಯನ ಪದ್ಧತಿಯಂತೆ ತೊಂಬತ್ತು ದಿನ ನಾನೂ ಎಣಿಸಿದ್ದೆ. ಬೀಜ ಮಾತ್ರ ನೂರು ದಿನದ್ದಾಗಿರಲಿಲ್ಲ.

ಆಗಸ್ಟ್ ಕೊನೆಗೆ ಗದ್ದೆ ನೋಡಿದವರೆಲ್ಲ ಹೊಗಳಿದರು. ಕಪ್ಪು ಹಸಿರು, ಎದೆಮಟ್ಟ. ಅಂಚಿನಲ್ಲಿ ನಿಂತು ಒಂದು ದಂಟು ಕಿತ್ತು ಉಗುರಿನಿಂದ ಸೀಳಿದೆ. ಒಳಗೆ ಬಿಳಿಯ ನೂಲಿನಂಥ ತೆನೆಯ ಮೊಳಕೆ ಇರಬೇಕಿತ್ತು. ಎಲೆಯೊಳಗೆ ಎಲೆ, ಅದರೊಳಗೆ ಇನ್ನೊಂದು ಎಲೆ. ಹತ್ತು ದಂಟು ಸೀಳಿದೆ. ಆಮೇಲೆ ದಿನಾ ಸೀಳುತ್ತಿದ್ದೆ. ಹೆಂಡತಿ ಸುಜಾತ ಅಂಗಳದಿಂದ ನಾಲ್ಕು ದಿನ ಇದನ್ನು ನೋಡಿದಳು.

“ಹ್ವಾಯ್, ಕದ್ರ್ ಬಪ್ಪು ಮೊದ್ಲೇ ಗದ್ದೆ ಖಾಲಿ ಮಾಡ್ತ್ರ್ಯಾ? ಎಂತ ಅದ್?”

ಹೇಳಿದೆ.

“ಅದ್ ಎಷ್ಟ್ ದಿನದ್ ಬೀಜ ಅಂದೇಳಿ ಕೇಂಡ್ರ್ಯಾ?”

ಚೀಲ ಹುಡುಕಿ ತಂದೆ. ಕೊಟ್ಟಿಗೆಯಲ್ಲಿ ಕರುವಿಗೆ ಹಾಸಿದ್ದೆವು. ಅದರ ಮೇಲೆ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು, ನೂರ ಮೂವತ್ತೈದು ದಿನ.

ಸುಜಾತ ಅದನ್ನು ಓದಿ ನನ್ನ ಮುಖ ನೋಡಿದಳು. “ನವಿಲ್ ಬಂದೀತ್ ಅಂದೇಳಿ ಬೆಳಗಾತ ಎದ್ದ್ ಡಬ್ಬ ಬಡ್ದದ್ದೇ ಬಂತ್. ಪಾಪದ್ ನವಿಲ್!” ಅಂದಳು. ಚೀಲವನ್ನು ಮತ್ತೆ ಕರುವಿಗೆ ಹಾಸಲು ಕೊಟ್ಟಿಗೆಗೆ ಒಯ್ದಳು.

ಕೇರಿಯ ಉಸ್ತುವಾರಿ ನೋಡುವ ಗುರಿಕಾರ ಪಾವ್ಲು ಆ ಸಂಜೆಯೇ ಚೀಟಿ ತಂದುಕೊಟ್ಟ. ಯಾವ ಮನೆಗೆ ಎಷ್ಟು ತೆನೆ ಎಂಬ ಚೀಟಿ ಅದು. ಅಪ್ಪಯ್ಯನ ಕಾಲದಲ್ಲಿ ಅದು ನೋಟ್‌ಬುಕ್ಕಿನ ಎರಡು ಹಾಳೆ ತುಂಬುತ್ತಿತ್ತು. ಈಗ ಬಸ್ಸಿನ ಟಿಕೆಟ್ಟಿನಷ್ಟು ಅಗಲ. ಏಳು ಮನೆ. ಎರಡು, ಮೂರು, ಒಂದು, ಎರಡು… ಕೊನೆಯಲ್ಲಿ ಮಾತ್ರ ‘ತೋಪಿನ ಮನೆ – ೪೧’. ಪಾವ್ಲು ಆ ಸಂಖ್ಯೆಯ ಮೇಲೆ ಬೆರಳಿಟ್ಟು, “ಬರ್ಕಂಬತಿಗೆ ಕುಶಿ ಆಯ್ತ್ ಮಾರಾಯ್ರೆ. ಹಿಂದಿನ್ ಕಾಲ ಬಂದಾಂಗ್ ಕಾಂತ್ತ್. ಬಪ್ಪ ವರ್ಷ ಇಲ್ಲಿ ಎಂತ ಬರೂದೋ” ಎಂದ. ನಾನು ಚೀಟಿ ಜೇಬಿಗೆ ಹಾಕಿಕೊಂಡೆ. ಗದ್ದೆ ಹೇಗಿದೆ ಎಂದು ಕೇಳಿದ. ಒಳ್ಳೆಯದಿದೆ ಎಂದೆ. ಅದು ಸುಳ್ಳಾಗಿರಲಿಲ್ಲ.

ಉಪಾಯ ಹುಡುಕಿದವಳು ಸುಜಾತ. ಅವಳ ತವರು ಕೊಕ್ಕರ್ಣೆ. ಅಣ್ಣ ಬೇಗ ಬರುವ ಭತ್ತ ಹಾಕಿದ್ದ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಓಮ್ನಿಯಲ್ಲಿ ಹೋದೆವು. ಮಳೆ ಸಣ್ಣಗೆ ಹಿಡಿದಿತ್ತು. ಭಾವ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಂಚಿಗೆ ಬಂದು ಕತ್ತಿ ಕೈಗೆ ಕೊಟ್ಟ.

“ಇಗರ್ಜಿ ಹಬ್ಬಕ್ಕೆ ಕೊಕ್ಕರ್ಣೆ ಕದ್ರಾ ಭಾವ? ನಿಮ್ಮ ಗದ್ದೆಗೆ ಎಂತ ಬೆಳ್ದಿರಿ ಮತ್ತೆ, ಹುಲ್ಲಾ?”

“ಹುಲ್ಲೇ. ಒಳ್ಳೇ ಹುಲ್ಲ್.”

“ಹೇಳಿದ್ರೆ ಆಯ್ತಪ್ಪ ಅವ್ರಿಗೆ, ಹೀಂಗೀಂಗ್ ಆಯ್ತ್ ಅಂದೇಳಿ. ದೇವ್ರಿಗೆ ಕೊಕ್ಕರ್ಣೆ ಬೇರೆ, ಬಸ್ರೂರ್ ಬೇರ್ಯಾ?”

ದೇವರಿಗಲ್ಲ, ನತಾಲ್‌ಬಾಯಿಗೆ ಎಂದು ಹೇಳಬೇಕೆನಿಸಿತು. ಹೇಳದೆ ಬಗ್ಗಿ ಕೊಯ್ದೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ನಾನೂ ಯೋಚಿಸಿದ್ದೆ. ಬ್ರಹ್ಮಾವರ ಬರುವುದರೊಳಗೆ ಮಾತೂ ಜೋಡಿಸಿಕೊಂಡಿದ್ದೆ. ವಾಪಸಾಗುವಾಗ ಕೋಟ ದಾಟುತ್ತಿದ್ದಂತೆ ಸುಜಾತ, “ಹೇಳ್ತ್ರಿ ಅಲ್ದಾ?” ಎಂದು ಕೇಳಿದಳು. “ಹೇಳದೆ ಮತ್ತೆ?” ಎಂದೆ.

ಹಬ್ಬದ ಬೆಳಿಗ್ಗೆ ಇಗರ್ಜಿಯ ಮೆಟ್ಟಿಲ ಮೇಲೆ ನತಾಲ್‌ಬಾಯಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಸುತ್ತ ನಲವತ್ತು ಜನ. ಮರಿಮಕ್ಕಳು ಹೂವಿನ ಬುಟ್ಟಿ ಹಿಡಿದಿದ್ದರು. ನೀರುಕಡ್ಡಿ ಹೂ, ಡೇಲಿಯಾ, ಒಬ್ಬಳು ಕುಂಬಳದ ಹೂವನ್ನೂ ಬಿಟ್ಟಿರಲಿಲ್ಲ. ಬಾಯಿ ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದರು. ಮೊಣಕಾಲು ಕೇಳಲಿಲ್ಲ. “ಕಾಣಿ ಮಕ್ಳೆ, ಇವ್ರ ಅಜ್ಜ ನಂಗೆ ಕೊಟ್ಟದ್ದ್. ಇವ್ರ ಅಪ್ಪಯ್ಯ ನಿಮ್ಮ ಅಪ್ಪಂದಿರಿಗೆ ಕೊಟ್ಟದ್ದ್. ಈಗ ಇವ್ರ್” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ದುಬೈಯಿಂದ ಬಂದ ಹುಡುಗರು ಫೋನ್ ಎತ್ತಿ ನನ್ನ ಫೋಟೋ ತೆಗೆದರು. ಬಾಯಿ ಒಂದು ತೆನೆ ಎಳೆದು ಹೆಬ್ಬೆರಳಿನಿಂದ ಕಾಳು ಮುಟ್ಟಿ ನೋಡಿದರು.

“ಈ ಸಲ ಕಾಳ್ ಸ್ವಲ್ಪ ಸಪೂರ ಇತ್ತಲ. ನಮ್ಮ ಗದ್ದೆದೇ ಅಲ್ದಾ ಪುತಾ?”

ಸುಜಾತ ನನ್ನ ಹಿಂದೆ ನಿಂತಿದ್ದಳು. ಜೋಡಿಸಿಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು.

“ಹೌದ್ ಬಾಯಿ. ಮಳೆ ಜಾಸ್ತಿ ಆಯ್ತಲ, ಹಾಂಗೆ.”

ಆಮೇಲೆ ತೋಪಿನ ಮನೆಯಲ್ಲಿ ಊಟ. ಚಾವಡಿ ಸಾಲದೆ ಜಗಲಿಯಲ್ಲೂ ಎಲೆ ಹಾಕಿದ್ದರು. ಬಾಯಿ ಎದುರಿಗೆ ಬೋಗುಣಿ ಇಟ್ಟುಕೊಂಡು ತೆನೆ ಸುಲಿಯತೊಡಗಿದರು. ಒಂದು ತೆನೆ, ಒಂದು ಹೆಸರು. ದೊಡ್ಡ ಮಗನಿಂದ ಹಿಡಿದು ಎಂಟು ತಿಂಗಳ ಮರಿಮಗುವಿನವರೆಗೆ. ಹೆಸರು ಕೇಳಿದವರು “ಹಾಂ” ಎನ್ನಬೇಕು. ಮಗುವಿನ ಹೆಸರು ಬಂದಾಗ ಅದು ಅತ್ತಿತು. ಎಲ್ಲರೂ ನಕ್ಕರು. ಬಾಯಿ ಒಂದು ಹೆಸರನ್ನೂ ತಪ್ಪಲಿಲ್ಲ. ನಲವತ್ತೊಂದನೆಯದು ತಮ್ಮದೇ. ನತಾಲಿಯ ಎಂದು ತಮ್ಮನ್ನು ತಾವೇ ಕರೆದುಕೊಂಡು “ಹಾಂ” ಎಂದರು. ಕಟ್ಟಿನಲ್ಲಿ ಒಂದು ತೆನೆ ಉಳಿಯಿತು. ಕಡಿಮೆ ಬಿದ್ದೀತೆಂಬ ಹೆದರಿಕೆಗೆ ನಾನು ಒಂದು ಹೆಚ್ಚಿಗೆ ಹಾಕಿದ್ದೆ. ಅದನ್ನು ಎತ್ತಿ, “ಇದ್ ನಂಗಿರ್ಲಿ. ಅಲ್ಲಿ ಯಾರ್ ಕೇಂಡ್ರೂ ತೋರ್ಸುಕೆ ನಮ್ಮ ಗದ್ದೆ ಒಂದ್ ಇರ್ಕಲ” ಎಂದು ಪ್ರಾರ್ಥನೆಯ ಪುಸ್ತಕದೊಳಗೆ ಮಡಚಿಟ್ಟುಕೊಂಡರು.

ನನಗೂ ಒಂದು ಚಮಚ ಕೊಟ್ಟರು. ಕಾಯಿಹಾಲು, ಬೆಲ್ಲ, ಹಸಿ ಕಾಳು. ನನ್ನ ನಾಲಿಗೆಗೆ ಕೊಕ್ಕರ್ಣೆ ಬಿಟ್ಟು ಬೇರೆ ರುಚಿ ತಿಳಿಯಲಿಲ್ಲ.

ಐದನೆಯ ದಿನ ನಾಲ್ಕು ವ್ಯಾನುಗಳು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟವು. ಬಾಯಿ ಕಿಟಕಿಯ ಬದಿ ಕುಳಿತು ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದರು. ಕೈ ಬೀಸಲು ಅದನ್ನು ಇಳಿಸಬೇಕಾಗುತ್ತಿತ್ತು, ಹಾಗಾಗಿ ಗೋಣು ಆಡಿಸಿದರು. ಅವರು ಹೋದ ಹತ್ತೇ ದಿನಕ್ಕೆ ನಮ್ಮ ಗದ್ದೆ ಪೂರ್ತಿ ತೆನೆ ಬಿಟ್ಟಿತು. ಒಂದೂ ಮಲಗಲಿಲ್ಲ. ನಮ್ಮ ಮನೆಯ ಮೂರು ತಲೆಮಾರಿನಲ್ಲಿ ಅಂಥ ಬೆಳೆ ಬಂದದ್ದಿಲ್ಲ ಎಂದು ಊರವರು ನೋಡಲು ಬಂದರು. ನಾನು ಅಂಚಿಗೆ ಹೋಗಲಿಲ್ಲ.

ರೀಮಾ ಆಗಾಗ ಫೋನ್ ಮಾಡುತ್ತಿದ್ದಳು. ಲಿಸ್ಬನ್ನಿನ ಹೊರಗೆ ಎಲ್ಲೋ ಒಂದು ಬಹುಮಹಡಿ ಮನೆ. ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ, ಅಣ್ಣ ಗಾಜಿನ ಮನೆಯೊಳಗೆ ಹಣ್ಣು ಕೊಯ್ಯುವ ಕೆಲಸದಲ್ಲಿ.

“ಇಲ್ಲಿ ಪೋರ್ಚುಗೀಸರೇ ಕಮ್ಮಿ ಅಂಕಲ್. ವಯಸ್ಸಿನವ್ರೆಲ್ಲ ಫ್ರಾನ್ಸಿಗೆ, ಲಕ್ಸೆಂಬರ್ಗಿಗೆ ದುಡೂಕೆ ಹೋಯಿದ್ರ್. ಆ ಜಾಗಕ್ಕೆ ನಾವ್.”

“ಬಾಯಿ ಹ್ಯಾಂಗಿದ್ರ್?”

“ನಮ್ಮ ಕೆಳಗಿನ ಮನೆಯಗೆ ಒಂದ್ ಅಜ್ಜಿ ಇತ್ತ್. ಅದ್ರ ಮಕ್ಳೂ ಫ್ರಾನ್ಸಲ್ಲಿ. ಇಬ್ರೂ ದಿನಾ ಬೆಂಚ್ ಮೇಲೆ ಕೂಕಂತ್ರ್. ಅದ್ ಪೋರ್ಚುಗೀಸಲ್ಲಿ, ಇವ್ರ್ ಕುಂದಾಪ್ರ ಕನ್ನಡದಗೆ. ಎಂತ ಮಾತಾಡ್ತ್ರೋ ದೇವ್ರಿಗೇ ಗೊತ್ತ್.”

ಆ ಅಜ್ಜಿ ಒಮ್ಮೆ ಪುಸ್ತಕ ಬಿಡಿಸಿ ತೆನೆ ನೋಡಿ, ಇದೇನೆಂದು ಕೈಸನ್ನೆಯಲ್ಲಿ ಕೇಳಿತಂತೆ. ಬಾಯಿ ಅರ್ಧ ಗಂಟೆ ವಿವರಿಸಿದರಂತೆ. ನಮ್ಮ ಅಜ್ಜ, ನಮ್ಮ ಅಪ್ಪಯ್ಯ, ನಾನು, ನಮ್ಮ ಗದ್ದೆ ಎಲ್ಲವನ್ನೂ.

ಕಳೆದ ಜನವರಿಯಲ್ಲಿ ಬಾಯಿ ತೀರಿಕೊಂಡರು. ಫೋನಿನಲ್ಲಿ ರೀಮಾ ತುಂಬ ಅಳಲಿಲ್ಲ. ದಣಿದ ದನಿಯಲ್ಲಿ ಒಂದೊಂದೇ ಹೇಳಿದಳು. ಅಲ್ಲಿ ಚಳಿ, ಮಣ್ಣು ಕೆಂಪಲ್ಲ. ಕೆಳಗಿನ ಮನೆಯ ಅಜ್ಜಿ ಬಂದಿತ್ತು. ಬಾಯಿ ಹೇಳಿಟ್ಟಂತೆ ಆ ತೆನೆಯನ್ನು ಅವರ ಕೈಯೊಳಗೆ ಇಟ್ಟೇ ಕಳುಹಿಸಿದರು. “ನಿಮ್ಮ ಗದ್ದೆ ಕದ್ರ್ ಅಂಕಲ್. ಅಷ್ಟ್ ದೂರ ಹೋದ್ರೂ ಅವ್ರಿಗೆ ಊರಿನ್ ಮಣ್ಣ್ ಸಿಕ್ಕಿತ್ತಲ ಅಂದೇಳಿ ನಮ್ಗೆ ಸಮಾಧಾನ.”

ಹೇಳಬೇಕಿದ್ದರೆ ಅದು ಕೊನೆಯ ಅವಕಾಶ. ಸುಜಾತ ಎದುರಿಗೆ ನಿಂತು ನೋಡುತ್ತಿದ್ದಳು. “ಹೌದ್ ಮಗ” ಎಂದೆ. ಫೋನ್ ಇಟ್ಟ ಮೇಲೆ ಅವಳು ಕುಡಿಯಲು ನೀರು ತಂದಿಟ್ಟಳು. ಬಾಯಿಗೆ ಗೊತ್ತಾಗಿತ್ತೇ? ಐವತ್ತು ವರ್ಷ ಅದೇ ಗದ್ದೆಯ ಕಾಳು ಸುಲಿದ ಹೆಬ್ಬೆರಳಿಗೆ ತಿಳಿಯದೆ ಇದ್ದೀತೇ? ತಿಳಿದೂ ಸುಮ್ಮನಿದ್ದರೆ? ಅಥವಾ ಪೂರ್ತಿ ನಂಬಿಯೇ ಹೋದರೆ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಈಗಲೂ ನಸುಕಿಗೆ ಎದ್ದು ಯೋಚಿಸುತ್ತೇನೆ. ನನ್ನ ಜನ್ಮದ ಚಿಂತೆಗಳಲ್ಲಿ ಆಧಾರವಿರುವ ಚಿಂತೆ ಇದೊಂದೇ.

ಈ ಬೇಸಗೆಯಲ್ಲಿ ಹಳೆಯ ಬೀಜ ಹುಡುಕಿಕೊಂಡು ಹೊರಟೆ. ಅಮಾಸೆಬೈಲಿನಲ್ಲಿ ಒಬ್ಬರ ಮನೆಯಲ್ಲಿ ಸಿಕ್ಕಿತು. ಹಿಂದೆ ಅಪ್ಪಯ್ಯನೇ ಅವರಿಗೆ ಒಂದು ಕಳಸಿಗೆ ಬೀಜ ಅಳೆದು ಕೊಟ್ಟದ್ದಂತೆ. ಪಂಚಾಂಗದಲ್ಲಿ ಗೆರೆ ಹಾಕಿದೆ, ಹಿಂದಕ್ಕೆ ಎಣಿಸಿದೆ, ಬಿತ್ತಿದೆ. ಆಗಸ್ಟ್ ಕೊನೆಗೆ ತೆನೆ ಬಂತು. ಅರ್ಧ ಗದ್ದೆ ಮಳೆಗೆ ಮಲಗಿತು, ಅದಕ್ಕೆ ಚಿಂತೆಯಾಗಲಿಲ್ಲ. ಪಾವ್ಲುವಿನ ಚೀಟಿಯಲ್ಲಿ ಈ ಸಲ ಐದು ಮನೆ, ಎಲ್ಲ ಸೇರಿ ಒಂಬತ್ತು ತೆನೆ. ನಾನು ಕಟ್ಟಿದ್ದು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು. ಸುಜಾತ ಬಾಳೆಎಲೆ ತಂದು ಸುತ್ತಿಕೊಟ್ಟಳು.

ಪೂಜೆ ಮುಗಿಯುವಷ್ಟರಲ್ಲಿ ಒಂಬತ್ತು ಹೋದವು. ಉಳಿದದ್ದನ್ನು ಹಿಡಿದುಕೊಂಡು ತೋಪಿನ ಮನೆಯ ಕಡೆ ನಡೆದೆ. ನಮ್ಮ ಪದ್ಧತಿಯಂತೆ ಬಾಗಿಲಿಗೆ ಒಂದು ಕದಿರು ಕಟ್ಟಿ ಬರೋಣ ಎಂದು. ಜೇಬಿನಲ್ಲಿ ನಾರು ಇತ್ತು. ಮನೆಯನ್ನು ಈಗ ಕೋಣೆಕೋಣೆಯಾಗಿ ಬಾಡಿಗೆಗೆ ಬಿಟ್ಟಿದ್ದಾರೆ. ಗೇರುಬೀಜದ ಕಾರ್ಖಾನೆಗೆ ಬಂದ ಒಡಿಶಾದವರು. ನಾನು ಬಾಗಿಲ ಚಿಲಕಕ್ಕೆ ತೆನೆ ಕಟ್ಟುತ್ತಿರುವಾಗ ಒಳಗಿಂದ ಒಬ್ಬ ಹೆಂಗಸು ಬಂದಳು. ಗೇರಿನ ಎಣ್ಣೆಗೆ ಕಪ್ಪಾದ ಬೆರಳುಗಳು. ಯಾರು, ಏನು ಎಂದು ಗದರಿಸುವಳೆಂದುಕೊಂಡೆ. ಅವಳು ತೆನೆ ನೋಡಿ ಸೆರಗನ್ನು ತಲೆಗೆಳೆದುಕೊಂಡು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ನುವಾಖಾಯಿ,” ಎಂದಳು. ಮುಂಬೈಯ ನನ್ನ ಹಿಂದಿ, ಒಡಿಶಾದ ಅವಳ ಹಿಂದಿ ಸೇರಿ ಅರ್ಥವಾದದ್ದಿಷ್ಟು. ಅವರ ಊರಲ್ಲೂ ಈ ದಿನಗಳಲ್ಲಿ ಹೊಸ ಅಕ್ಕಿಯ ಹಬ್ಬ. ಎಲ್ಲಿದ್ದರೂ ಮನೆಗೆ ಹೋಗಿ ಹಿರಿಯರ ಕೈಯಿಂದ ತಿನ್ನಬೇಕು. ಮೂರು ವರ್ಷದಿಂದ ರಜೆ ಸಿಕ್ಕಿಲ್ಲ.

ಕೈಯಲ್ಲಿದ್ದ ಕಟ್ಟು ತೋರಿಸಿ ಕೇಳಿದೆ, ಮನೆಯಲ್ಲಿ ಎಷ್ಟು ಜನ?

“ಇಲ್ಲಿ ಮೂರು,” ಎಂದಳು. ಮತ್ತೆ ಬೆರಳು ಮಡಚಿ ಎಣಿಸಿ, “ಊರಲ್ಲಿ ಒಂಬತ್ತು.”

ಹನ್ನೆರಡು ತೆನೆ ಎಣಿಸಿ ಅವಳ ಸೆರಗಿಗೆ ಹಾಕಿದೆ. ಅವಳು ಒಂದು ಕಾಳು ಬಿಡಿಸಿ ಉಗುರಿನಿಂದ ಒತ್ತಿದಳು. ಹಾಲು ಬಂತು. ತಲೆ ಎತ್ತಿ ಕೇಳಿದಳು:

“ಇಧರ್ ಕಾ ಹೀ ಹೈ, ಭೈಯಾ?”

ಹೌದು, ಎಂದೆ. ನಮ್ಮ ಗದ್ದೆಯದೇ.